ಅಪ್ಪನಿಗೂ ಪಾರ್ಕಿನ್ಸನ್, ನಮ್ಮ ಬೀದಿಯ ಅಂಕಲ್‌ಗೂ ಪಾರ್ಕಿನ್ಸನ್: ಅಪ್ಪನ ಲೆಕ್ಕ ಮಾತ್ರ ಯಾಕೆ ತಪ್ಪುತ್ತಿದೆ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಆರು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. ನಡುಕ ಕಡಿಮೆ, ನಡಿಗೆಯದೇ ತೊಂದರೆ. ಈ ವರ್ಷ ಎರಡು ಸಲ ಬಿದ್ದಿದ್ದಾರೆ. ಸಿಂಡೋಪಾ ದಿನಕ್ಕೆ ನಾಲ್ಕು ಸಲ, ಕೈ ನಡುಕಕ್ಕೆ ಪ್ಯಾಸಿಟೇನ್, ರಾತ್ರಿ ಪದೇಪದೇ ಮೂತ್ರಕ್ಕೆ ಏಳುತ್ತಾರೆಂದು ಇನ್ನೊಂದು ಮಾತ್ರೆ ಕೊಡುತ್ತಿದ್ದೇವೆ. ನೆಂಟರೊಬ್ಬರು ಹೇಳಿದರೆಂದು ನಸುಗುನ್ನಿ ಪುಡಿಯನ್ನೂ ಹಾಲಿಗೆ ಹಾಕಿ ಕೊಡುತ್ತೇವೆ. ಒಂದು ವರ್ಷದಿಂದ ಮನೆ ಲೆಕ್ಕ ಬರೆಯಲು ಕೂತರೆ ಅರ್ಧಕ್ಕೇ ಬಿಡುತ್ತಾರೆ. ಹೊಸ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಬರುತ್ತಿಲ್ಲ. ಏನಾದರೂ ಕೇಳಿದರೆ ಸುಮ್ಮನೆ ಮುಖ ನೋಡುತ್ತಾರೆ, ಅಮ್ಮನಿಗೆ ಅದು ಸಿಟ್ಟು ಅನ್ನಿಸುತ್ತದೆ. ಹೋದ ವಾರ ಸಂಜೆ ‘ತುಳಸಿಕಟ್ಟೆ ಹತ್ತಿರ ಯಾವುದೋ ಮಗು ಕೂತಿತ್ತು’ ಅಂದರು. ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರು ಒಂದಷ್ಟು ಪ್ರಶ್ನೆ ಕೇಳಿ ‘30ಕ್ಕೆ 27 ಬಂದಿದೆ, ತೊಂದರೆ ಇಲ್ಲ’ ಅಂದರು. ನಮ್ಮ ಬೀದಿಯಲ್ಲೇ ಇರುವ ಅಂಕಲ್‌ಗೆ 50ನೇ ವಯಸ್ಸಿನಲ್ಲಿ ಶುರುವಾಗಿ 12 ವರ್ಷವಾಯಿತು, ಕೈ ವಿಪರೀತ ನಡುಗುತ್ತದೆ, ಆದರೂ ಚೆಸ್ ಆಡುತ್ತಾರೆ, ಪದಬಂಧ ಬಿಡಿಸುತ್ತಾರೆ. ಒಂದೇ ಕಾಯಿಲೆ ಹೀಗೆ ಬೇರೆ ಬೇರೆ ಯಾಕೆ? ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತಾ?

ಉತ್ತರ: ಮೊದಲು ಒಂದು ವಿನಂತಿ. ಅಪ್ಪನನ್ನು ಅಂಕಲ್ ಜೊತೆ ಹೋಲಿಸುವುದನ್ನು ಬಿಡಿ. ಎರಡು ವರ್ಷದ ಹಿಂದೆ ಅಪ್ಪ ಹೇಗಿದ್ದರೋ ಅದರ ಜೊತೆ ಹೋಲಿಸಿ. ನೆನಪು, ಗಮನ, ಯೋಚನೆ ಇವುಗಳ ಪರೀಕ್ಷೆ ಮಾಡುವುದೇ ನನ್ನ ದಿನದ ಕೆಲಸ. ಪಾರ್ಕಿನ್ಸನ್ ಇರುವ ಇಬ್ಬರು ಒಂದೇ ರೀತಿ ಉತ್ತರ ಕೊಟ್ಟಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಕಾಯಿಲೆಯ ಹೆಸರು ಒಂದು, ಅದು ಮೆದುಳಿನಲ್ಲಿ ಹಿಡಿಯುವ ದಾರಿ ಹಲವು.

ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, 1817ರಲ್ಲಿ. ಇದರಲ್ಲಿ ಬುದ್ಧಿಗೆ ಏನೂ ಆಗುವುದಿಲ್ಲ ಎಂದು ಅವರು ಬರೆದರು. ಅವರು ವಿವರಿಸಿದ್ದು ಆರೇ ಆರು ಜನರನ್ನು, ಅದರಲ್ಲೂ ಕೆಲವರನ್ನು ರಸ್ತೆಯಲ್ಲಿ ನೋಡಿದ್ದಷ್ಟೇ. ಆದರೂ ಆ ಮಾತು ನೂರಕ್ಕೂ ಹೆಚ್ಚು ವರ್ಷ ಉಳಿದುಕೊಂಡಿತು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ‘ಕೈಕಾಲಿನ ಕಾಯಿಲೆ ತಾನೆ’ ಎಂದುಕೊಂಡು, ಯೋಚನೆಯಲ್ಲಿ ಆದ ಬದಲಾವಣೆಯನ್ನು ಸೋಮಾರಿತನ, ಹಠ, ವಯಸ್ಸು ಅಂತ ಲೆಕ್ಕ ಹಾಕುತ್ತಾರೆ. ಈಗ ತಿಳಿದಿರುವುದು ಹೀಗೆ. ಹೊಸದಾಗಿ ಕಾಯಿಲೆ ಪತ್ತೆಯಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಪರೀಕ್ಷೆಯಲ್ಲಿ ಗೊತ್ತಾಗುವಷ್ಟು ಸಣ್ಣ ಕುಸಿತ ಆಗಲೇ ಇರುತ್ತದೆ. ಉಳಿದ ನಾಲ್ವರಿಗೆ ಇರುವುದಿಲ್ಲ ಅನ್ನುವುದನ್ನೂ ಅಷ್ಟೇ ಜೋರಾಗಿ ಹೇಳಬೇಕು.

ಈಗ ‘ಹೇಗೆ ಬೇರೆ’ ಅನ್ನುವುದಕ್ಕೆ ಬರೋಣ. ಇಬ್ಬರ ಬಗ್ಗೆ ಹೇಳುತ್ತೇನೆ, ಗುರುತು ಸಿಗದಂತೆ.

ಒಬ್ಬರು ಟೈಲರ್. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ‘ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೋ ಹೇಳಿ’ ಅಂದೆ. ‘ಹಸು, ಎಮ್ಮೆ, ನಾಯಿ, ಬೆಕ್ಕು...’ ಎಂದು ನಿಂತುಬಿಟ್ಟರು. ಹತ್ತು ಸೆಕೆಂಡ್ ಆಯಿತು, ಇಪ್ಪತ್ತಾಯಿತು. ಹೆಂಡತಿ ತಲೆ ತಗ್ಗಿಸಿ ಕೂತಿದ್ದರು. ಸಮಯ ಮುಗಿದ ಮೇಲೆ, ಅಂಕಕ್ಕಲ್ಲ, ಸುಮ್ನೆ ನೋಡೋಣ ಅಂತ ‘ಕಾಡಿನಲ್ಲಿ?’ ಅಂದೆ. ‘ಹುಲಿ, ಚಿರತೆ, ಆನೆ, ಕಾಟಿ, ಜಿಂಕೆ, ಕರಡಿ’ ಎಂದು ಒಂದೇ ಉಸಿರಿಗೆ ಹೇಳಿದರು. ಅಂದರೆ ಹೆಸರುಗಳೆಲ್ಲ ಒಳಗೇ ಇದ್ದವು. ಅಂಗಳದಿಂದ ಕಾಡಿಗೆ ತಾನೇ ದಾಟಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ಇನ್ನೊಬ್ಬರು ಒಂದು ಮಾತು ಎಸೆದರೆ ದಾಟುತ್ತಿದ್ದರು.

ಇನ್ನೊಬ್ಬರು ರಂಗೋಲಿಗೆ ಹೆಸರಾಗಿದ್ದ ಅಜ್ಜಿ. ಅವರ ಕೈ ನಡುಗುತ್ತಿರಲಿಲ್ಲ. ಮಾತು ಸಲೀಸು, ಹಳೆಯ ನೆನಪು ಗಟ್ಟಿ. ಎರಡು ಐದು ಮೂಲೆಯ ಆಕೃತಿಗಳು ಒಂದರೊಳಗೊಂದು ಸ್ವಲ್ಪ ಹೊಕ್ಕಿರುವ ಚಿತ್ರ ತೋರಿಸಿ ಹಾಗೆಯೇ ಬರೆಯಿರಿ ಅಂದೆ. ಗೆರೆಗಳು ನೇರವಾಗಿದ್ದವು, ಆದರೆ ಒಂದಕ್ಕೆ ನಾಲ್ಕೇ ಮೂಲೆ, ಇನ್ನೊಂದು ದೂರ ಹೋಗಿ ಕೂತಿತ್ತು. ‘ಮನೆ ಮುಂದೆ ಚುಕ್ಕಿ ಇಡ್ತೀನಿ, ಆಮೇಲೆ ಎಳೆ ಎಲ್ಲಿಗೆ ಸೇರಿಸಬೇಕು ಅಂತ ತಿಳಿಯೋದಿಲ್ಲ, ಒರೆಸಿಬಿಡ್ತೀನಿ’ ಅಂದರು. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಬಗ್ಗಲು ಆಗುವುದಿಲ್ಲ, ಅದಕ್ಕೇ ರಂಗೋಲಿ ಬಿಟ್ಟಿದ್ದಾರೆ ಅಂದುಕೊಂಡಿದ್ದರು.

ಇವೆರಡೂ ಬೇರೆ ಬೇರೆ ತೊಂದರೆಗಳು. ಟೈಲರ್‌ದು ಮುಖ್ಯವಾಗಿ ಡೋಪಮೈನ್ ಕಡಿಮೆಯಾದ ತೊಂದರೆ. ಡೋಪಮೈನ್ ಕೈಕಾಲಿನ ಚಲನೆಗೆ ಮಾತ್ರ ಬೇಕಾದ ರಾಸಾಯನಿಕ ಅಲ್ಲ. ಚಲನೆ ನೋಡಿಕೊಳ್ಳುವ, ಮೆದುಳಿನ ಆಳದಲ್ಲಿರುವ ಅದೇ ನರಕೋಶದ ಗುಂಪುಗಳಿಂದ ಹಣೆಯ ಹಿಂದಿನ ಭಾಗಕ್ಕೂ ದಾರಿ ಇದೆ. ಕೆಲಸವನ್ನು ಶುರು ಮಾಡುವುದು, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದು, ಮೂರು ವಿಷಯವನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಎಲ್ಲ ಆ ದಾರಿಯ ಕೆಲಸ. ಹೆಜ್ಜೆ ಎತ್ತಲು ಹೇಗೆ ತಡವೋ, ಯೋಚನೆಯನ್ನು ಎತ್ತಿ ಇಡಲೂ ಹಾಗೆಯೇ ತಡ. ರಂಗೋಲಿ ಅಜ್ಜಿಯದು ಮೆದುಳಿನ ಹಿಂಭಾಗದ ತೊಂದರೆ. ಕಣ್ಣು ನೋಡಿದ್ದನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವ ಜಾಗ ಅದು. ಅಲ್ಲಿ ಕೊರತೆಯಾಗುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕ, ಜೊತೆಗೆ ಈ ಕಾಯಿಲೆಯಲ್ಲಿ ನರಕೋಶದೊಳಗೆ ಕಟ್ಟುವ ಪ್ರೋಟೀನ್ ಗಂಟುಗಳು ಮೆದುಳಿನ ಹೊರಪದರದವರೆಗೂ ಹಬ್ಬಿರಬಹುದು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಮುಂದಿನ ದಾರಿ ಇದರಿಂದ ಸ್ವಲ್ಪ ಗೊತ್ತಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ಸುತ್ತಮುತ್ತ ಹೊಸದಾಗಿ ಕಾಯಿಲೆ ಪತ್ತೆಯಾದವರನ್ನು 10 ವರ್ಷ ಹಿಂಬಾಲಿಸಿದ ಕ್ಯಾಂಪೇನ್ ಎಂಬ ಅಧ್ಯಯನವಿದೆ. ಅದರಲ್ಲಿ 10 ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಜನಕ್ಕೆ ಡಿಮೆನ್ಷಿಯಾ, ಅಂದರೆ ನೀವು ಕೇಳಿದ ಮರೆವಿನ ಕಾಯಿಲೆ, ಬಂದಿತ್ತು. ಶುರುವಿನಲ್ಲಿ ಆ ಐದು ಮೂಲೆಯ ಚಿತ್ರವನ್ನು ಸರಿಯಾಗಿ ಬರೆಯಲಾಗದವರು, 90 ಸೆಕೆಂಡಿನಲ್ಲಿ 20 ಪ್ರಾಣಿಗಳ ಹೆಸರು ಹೇಳಲಾಗದವರು, ವಯಸ್ಸು ಜಾಸ್ತಿ ಇದ್ದವರು, ಇವರಿಗೆ ಅಪಾಯ ಹೆಚ್ಚಿತ್ತು. ಯೋಜನೆ ಹಾಕುವುದರಲ್ಲಿ ಮಾತ್ರ ನಿಧಾನ ಇದ್ದವರು ಅಷ್ಟು ಬೇಗ ಕುಸಿಯಲಿಲ್ಲ. ಪ್ರಾಣಿಗಳ ಹೆಸರು ಕಡಿಮೆ ಬರುವುದಕ್ಕೆ ಟೈಲರ್‌ದಂತೆ ದಾಟಲಾಗದ್ದೂ ಕಾರಣ ಇರಬಹುದು, ಹೆಸರೇ ಒಳಗಿನಿಂದ ಕಳೆದುಹೋದದ್ದೂ ಇರಬಹುದು, ಬರೀ ಎಣಿಕೆ ನೋಡಿ ಯಾವುದೆಂದು ಹೇಳಲಾಗದು. ಆದರೆ ದಯವಿಟ್ಟು ಇವತ್ತೇ ಗಡಿಯಾರ ಹಿಡಿದು ಅಪ್ಪನ ಮುಂದೆ ಕೂರಬೇಡಿ. ಅದು ಗುಂಪಿನ ಲೆಕ್ಕ. ಇಂಥವರಿಗೆ ಬಂದೇ ಬರುತ್ತದೆ ಎಂದು ಹೇಳುವ ಪರೀಕ್ಷೆ ಅಲ್ಲ.

ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ ಹೆದರಿ ಬರುವವರು ಬಹಳ. 2008ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನದಲ್ಲಿ, 20 ವರ್ಷದ ನಂತರ ಬದುಕಿದ್ದವರಲ್ಲಿ ನೂರಕ್ಕೆ 83 ಜನಕ್ಕೆ ಡಿಮೆನ್ಷಿಯಾ ಇತ್ತು. ಎಲ್ಲ ಕಡೆ ಓಡಾಡುವ ಅಂಕಿ ಅದು. ಇತ್ತೀಚೆಗೆ, 2024ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ 10 ವರ್ಷದ ಹೊತ್ತಿಗೆ ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನಕ್ಕೆ ಬಂದಿತ್ತು. ಅದರಲ್ಲಿ ಸೇರಿದವರು ಹೆಚ್ಚು ಓದಿದವರು, ವಯಸ್ಸು ಸ್ವಲ್ಪ ಚಿಕ್ಕದು. ಎರಡೂ ಅಂಕಿ ಸುಳ್ಳಲ್ಲ, ಯಾರನ್ನು ನೋಡಿದರು ಅನ್ನುವುದರ ಮೇಲೆ ಬದಲಾಗಿದೆ ಅಷ್ಟೆ.

ನಿಮ್ಮ ಅಂಕಲ್ ಚೆಸ್ ಆಡುವುದಕ್ಕೆ ಕಾರಣ ಇಲ್ಲೇ ಇದೆ. ಅವರಿಗೆ 50ಕ್ಕೆ ಶುರುವಾಯಿತು, ನಿಮ್ಮ ತಂದೆಗೆ 65ಕ್ಕೆ. ಶುರುವಾದ ವಯಸ್ಸು ಕಡಿಮೆ ಇದ್ದಷ್ಟೂ ಬುದ್ಧಿ ಹೆಚ್ಚು ಕಾಲ ಗಟ್ಟಿಯಾಗಿರುತ್ತದೆ. ಅವರದು ನಡುಕ ಮುಂದಾದ ಬಗೆ. ನೋಡುವವರಿಗೆ ಅದೇ ಭಯಂಕರ ಕಾಣುತ್ತದೆ, ಆದರೆ ನಡುಕ ಜಾಸ್ತಿ ಇರುವವರಿಗಿಂತ ನಡಿಗೆ ಮತ್ತು ಸಮತೋಲ ಕೆಟ್ಟವರಲ್ಲಿ ಯೋಚನೆಯ ತೊಂದರೆ ಬೇಗ ಬರುವುದು ಹೆಚ್ಚು. ಹುಟ್ಟಿನಿಂದ ಬಂದ ಜೀನ್‌ಗಳೂ ಸೇರಿಕೊಳ್ಳುತ್ತವೆ. ಜಿಬಿಎ ಎಂಬ ಜೀನಿನ ಕೆಲವು ಬದಲಾವಣೆ ಇದ್ದವರಿಗೆ ಅಪಾಯ ಹೆಚ್ಚು, ಎಲ್‌ಆರ್‌ಆರ್‌ಕೆ2 ಜೀನಿನ ಬದಲಾವಣೆಯಿಂದ ಕಾಯಿಲೆ ಬಂದವರಲ್ಲಿ ಸಾಮಾನ್ಯವಾಗಿ ಕಡಿಮೆ. ಇದನ್ನು ತಿಳಿಯಲೆಂದು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಅಗತ್ಯ ನಿಮಗೆ ಈಗ ಇಲ್ಲ.

ಆದರೆ ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಮಾತ್ರೆಗಳ ಸಾಲಿನಲ್ಲಿ.

ಪ್ಯಾಸಿಟೇನ್ ಅಂದರೆ ಟ್ರೈಹೆಕ್ಸಿಫೆನಿಡಿಲ್. ನಡುಕ ಇಳಿಸುತ್ತದೆ, ಹಳೆಯ ಮಾತ್ರೆ, ಅಗ್ಗ. ಅದು ಕೆಲಸ ಮಾಡುವುದೇ ಅಸಿಟೈಲ್‌ಕೋಲಿನ್ನನ್ನು ತಡೆದು. ಮೇಲೆ ಹೇಳಿದೆನಲ್ಲ, ನೆನಪಿಗೂ ಗಮನಕ್ಕೂ ಬೇಕಾದ, ಈ ಕಾಯಿಲೆಯಲ್ಲಿ ಮೊದಲೇ ಕೊರತೆ ಬೀಳುವ ರಾಸಾಯನಿಕ, ಅದನ್ನೇ. 30ರ ಹುಡುಗನಿಗೆ ಅದು ಬಾಯಿ ಒಣಗಿಸುವುದರಲ್ಲಿ ಮುಗಿಯಬಹುದು. 70 ದಾಟಿದವರಿಗೆ ಮರೆವು, ಗಲಿಬಿಲಿ, ಇಲ್ಲದ್ದು ಕಾಣಿಸುವುದು ಎಲ್ಲ ಬರಬಹುದು. ರಾತ್ರಿ ಮೂತ್ರಕ್ಕೆ ಕೊಟ್ಟಿರುವ ಮಾತ್ರೆಯ ಹೆಸರು ನೀವು ಬರೆದಿಲ್ಲ. ಅದು ಆಕ್ಸಿಬ್ಯುಟಿನಿನ್ ಥರದ್ದಾದರೆ ಅದೂ ಇದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಭಾರ ಎರಡು ಪಟ್ಟು. ನಿದ್ದೆಗೆ, ಅಲರ್ಜಿಗೆ, ನರದ ನೋವಿಗೆ ಕೊಡುವ ಕೆಲವು ಮಾತ್ರೆಗಳೂ ಇದೇ ಗುಂಪಿನವು. ‘ಅಪ್ಪನಿಗೆ ಡಿಮೆನ್ಷಿಯಾ’ ಎಂದು ಕಣ್ಣೀರು ಹಾಕುತ್ತಾ ಬಂದ ಮನೆಯವರು, ಈ ಮಾತ್ರೆ ಇಳಿಸಿದ ಎರಡು ತಿಂಗಳಿಗೆ ‘ಈಗ ಪೇಪರ್ ಓದುತ್ತಾರೆ’ ಎಂದು ಫೋನ್ ಮಾಡಿದ್ದುಂಟು. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ಮೊದಲು ನೋಡಬೇಕಾದ್ದು ಇದನ್ನೇ. ಒಂದು ಎಚ್ಚರ: ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ನಡುಕ, ಬಿಗಿತ ಜೋರಾಗಿ ಅವಸ್ಥೆಯಾಗುತ್ತದೆ. ನರರೋಗದ ಡಾಕ್ಟರ್ ಹೇಳಿದಂತೆ ವಾರವಾರ ಸ್ವಲ್ಪ ಸ್ವಲ್ಪ ಇಳಿಸಬೇಕು.

ನಸುಗುನ್ನಿ ವಿಷಯ. ಅದನ್ನು ಬರೀ ನಾಟಿ ಔಷಧ, ಏನೂ ಮಾಡುವುದಿಲ್ಲ ಅಂದುಕೊಂಡಿದ್ದರೆ ತಪ್ಪು. ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಸಿಂಡೋಪಾ ಮಾತ್ರೆಯಲ್ಲಿರುವ ಅದೇ ಲೆವೊಡೋಪಾ. ಮೆದುಳಿಗೆ ಹೋಗಿ ಡೋಪಮೈನ್ ಆಗುವುದು ಅದೇ. ಕಂಪವಾತಕ್ಕೆ ಆಯುರ್ವೇದದಲ್ಲಿ ಅದನ್ನು ಬಳಸುತ್ತಾ ಬಂದಿರುವುದು ಸುಮ್ಮನೆ ಅಲ್ಲ. ತೊಂದರೆ ಏನೆಂದರೆ ಡಾಕ್ಟರು ನಾಲ್ಕು ಮಾತ್ರೆಯ ಲೆಕ್ಕ ಹಾಕಿದ್ದಾರೆ, ಹಾಲಿನಲ್ಲಿ ಹೋಗುವ ಚಮಚದ ಲೆಕ್ಕ ಯಾರಲ್ಲೂ ಇಲ್ಲ. ಡೋಪಮೈನ್ ಹೆಚ್ಚಾದರೂ ತುಳಸಿಕಟ್ಟೆ ಹತ್ತಿರ ಮಗು ಕಾಣಿಸಬಹುದು.

ಹೆಚ್ಚಾದರೆ ಯಾಕೆ ತೊಂದರೆ ಅನ್ನುವುದಕ್ಕೆ ನಾನು ಯಾವಾಗಲೂ ನಾಲೆಯ ಉದಾಹರಣೆ ಕೊಡುತ್ತೇನೆ. ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿಲ್ಲ ಅಂತ ಮೇಲಿನ ತೂಬನ್ನು ಪೂರ್ತಿ ಎತ್ತಿದರೆ, ಕೊನೆಯ ಗದ್ದೆ ಏನೋ ನೆನೆಯುತ್ತದೆ, ಮೊದಲ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ಪಾರ್ಕಿನ್ಸನ್‌ನಲ್ಲಿ ಚಲನೆ ನೋಡಿಕೊಳ್ಳುವ ಭಾಗದಲ್ಲಿ ಡೋಪಮೈನ್ ಮೊದಲು ಬತ್ತುತ್ತದೆ. ಆಸೆ, ಲಾಭ-ನಷ್ಟದ ತೀರ್ಮಾನ ನೋಡಿಕೊಳ್ಳುವ ಭಾಗದಲ್ಲಿ ಶುರುವಿನಲ್ಲಿ ಸಾಕಷ್ಟು ಇರುತ್ತದೆ. ಕಾಲಿಗೆ ಬೇಕಾದಷ್ಟು ಔಷಧ ಕೊಟ್ಟರೆ ಇಲ್ಲಿ ಹೆಚ್ಚಾಗಬಹುದು. 2004ರಲ್ಲಿ ಅಮೆರಿಕದ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ತೋರಿಸಿದರು: ಔಷಧ ತೆಗೆದುಕೊಂಡಾಗ ರೋಗಿಗಳು ಲಾಭದಿಂದ ಬೇಗ ಕಲಿಯುತ್ತಿದ್ದರು, ಔಷಧ ಇಲ್ಲದಾಗ ನಷ್ಟದಿಂದ ಬೇಗ ಕಲಿಯುತ್ತಿದ್ದರು. ಒಬ್ಬನೇ ಮನುಷ್ಯ, ಬೆಳಿಗ್ಗೆ ಒಂದು ಥರ, ಮಾತ್ರೆ ಏರಿದ ಮೇಲೆ ಇನ್ನೊಂದು ಥರ! ಡೋಪಮೈನ್‌ನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ದೊಡ್ಡ ಅಧ್ಯಯನವೊಂದರಲ್ಲಿ ಈ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 17 ಜನಕ್ಕೆ ಜೂಜು, ವಿಪರೀತ ಖರೀದಿ, ಅತಿಯಾಗಿ ತಿನ್ನುವುದು, ಲೈಂಗಿಕ ಹುಚ್ಚು ಇವುಗಳಲ್ಲಿ ಒಂದಾದರೂ ಇತ್ತು, ತೆಗೆದುಕೊಳ್ಳದವರಲ್ಲಿ ಸುಮಾರು 7. ನಿಮ್ಮ ತಂದೆಗೆ ಈ ಮಾತ್ರೆ ಇಲ್ಲ. ಆದರೂ ಓದುತ್ತಿರುವ ಬೇರೆಯವರಿಗಾಗಿ ಬರೆದೆ, ಯಾಕೆಂದರೆ ಆನ್‌ಲೈನ್ ರಮ್ಮಿಯಲ್ಲಿ ದುಡ್ಡು ಕಳೆದುಕೊಂಡವರನ್ನು ಮನೆಯವರು ಬೈಯುತ್ತಾರೆಯೇ ಹೊರತು ಡಾಕ್ಟರ್ ಹತ್ತಿರ ಹೇಳುವುದಿಲ್ಲ.

ಈಗ ಫೋನಿನ ಕಥೆ. ಮೇಷ್ಟ್ರಾಗಿದ್ದವರು ನಾಲ್ಕು ಗುಂಡಿ ಒತ್ತುವುದನ್ನು ಕಲಿಯಲಾರರಾ ಎಂದು ನಿಮಗೆ ಬೇಜಾರಾಗಿರಬೇಕು, ಅಲ್ವಾ? 1996ರ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಪರದೆ ಮೇಲೆ ಚಿತ್ರದ ಕಾರ್ಡುಗಳು ಬರುತ್ತವೆ, ಅವನ್ನು ನೋಡಿ ಮಳೆಯೋ ಬಿಸಿಲೋ ಊಹಿಸಬೇಕು. ನಿಯಮ ಯಾರೂ ಹೇಳುವುದಿಲ್ಲ, ಮಾಡ್ತಾ ಮಾಡ್ತಾ ಕೈಗೆ ಹತ್ತಬೇಕು. ನೆನಪಿನ ಶಕ್ತಿ ಹೋಗಿದ್ದವರು ಆ ಆಟವನ್ನು ಕಲಿತರು, ಆದರೆ ಆಟದ ಬಗ್ಗೆ ಕೇಳಿದರೆ ಸರಿಯಾಗಿ ಹೇಳಲಾಗಲಿಲ್ಲ. ಪಾರ್ಕಿನ್ಸನ್ ಇದ್ದವರಿಗೆ ಪರದೆ ಮೇಲೆ ಏನಿತ್ತು ಎಂದು ಚೆನ್ನಾಗಿ ನೆನಪಿತ್ತು, ಆಟ ಮಾತ್ರ ಕೈಗೆ ಹತ್ತಲಿಲ್ಲ. ‘ಮಾಡ್ತಾ ಮಾಡ್ತಾ ರೂಢಿಯಾಗುತ್ತದೆ’ ಅನ್ನುವ ದಾರಿಯೇ ಇವರಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಹನ್ನೊಂದನೇ ಸಲ ತೋರಿಸಬೇಡಿ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದು, ಎರಡು, ಮೂರು ಎಂದು ಹೆಜ್ಜೆ ಬರೆದು ಫೋನಿನ ಪಕ್ಕ ಇಡಿ. ಓದಿ ಮಾಡುವ ದಾರಿ ಅವರಿಗೆ ಇನ್ನೂ ತೆರೆದಿದೆ. ಲೆಕ್ಕದ ಪುಸ್ತಕಕ್ಕೂ ಹೀಗೆಯೇ. ಹಾಲು, ಕರೆಂಟು, ದಿನಸಿ ಎಂದು ಕಾಲಮ್ ಹಾಕಿ ಕೊಡಿ, ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಕಾಲಮ್ ಮಾಡಲಿ. ಬಹುಶಃ ಕೂಡುವುದು ಅವರಿಗೆ ಮರೆತಿಲ್ಲ, ಯಾವುದರಿಂದ ಶುರು ಮಾಡಬೇಕು ಅನ್ನುವುದು ತಪ್ಪಿಹೋಗಿದೆ.

ಅಮ್ಮನಿಗೆ ಒಂದು ಮಾತು ಹೇಳಿ. ಆ ಮುಖ ಸಿಟ್ಟಿನ ಮುಖ ಅಲ್ಲ. ಮುಖದ ಸ್ನಾಯುಗಳೂ ಕೈಕಾಲಿನಂತೆಯೇ ಬಿಗಿಯುತ್ತವೆ, ನಗು ಒಳಗೆ ಬಂದರೂ ಹೊರಗೆ ಕಾಣುವುದಿಲ್ಲ, ದನಿ ಸಣ್ಣದಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಏಳಕ್ಕೋ ಎಂಟಕ್ಕೋ ಉತ್ತರ ಬರುತ್ತದೆ. ನಾವು ಮೂರಕ್ಕೇ ಇನ್ನೊಂದು ಪ್ರಶ್ನೆ ಹಾಕಿಬಿಡುತ್ತೇವೆ, ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಡೆಯುವಾಗ ಮಾತಾಡಿಸಬೇಡಿ. ನಡೆಯುವುದೂ ಈಗ ಅವರಿಗೆ ಯೋಚಿಸಿ ಮಾಡುವ ಕೆಲಸ, ಮಾತಿಗೆ ಗಮನ ಹೋದರೆ ಕಾಲು ತಪ್ಪುತ್ತದೆ. ಎರಡು ಸಲ ಬಿದ್ದಾಗ ಯಾರಾದರೂ ಮಾತಾಡಿಸುತ್ತಿದ್ದರಾ ಎಂದು ನೆನಪಿಸಿಕೊಳ್ಳಿ.

ತುಳಸಿಕಟ್ಟೆಯ ಮಗು. ಪಾರ್ಕಿನ್ಸನ್‌ನಲ್ಲಿ ಇದು ಅಪರೂಪ ಅಲ್ಲ. ಸಂಜೆ ಮಬ್ಬಿನಲ್ಲಿ, ಕಣ್ಣಂಚಿನಲ್ಲಿ ಬೆಕ್ಕು ಓಡಿದಂತೆ, ಹಿಂದೆ ಯಾರೋ ನಿಂತಂತೆ ಶುರುವಾಗುತ್ತದೆ. ‘ಇಲ್ಲ ಅಂತ ನನಗೂ ಗೊತ್ತು, ಆದರೆ ಕಾಣಿಸಿತು’ ಅಂದರೆ ಅಷ್ಟು ಗಾಬರಿ ಬೇಡ. ವಾದ ಮಾಡಬೇಡಿ, ಮಂತ್ರಿಸಲು ಕರೆದುಕೊಂಡು ಹೋಗಬೇಡಿ, ಅಲ್ಲೊಂದು ಒಳ್ಳೆಯ ಲೈಟು ಹಾಕಿಸಿ, ಕಣ್ಣಿನ ಪೊರೆ ಇದೆಯಾ ನೋಡಿಸಿ. ಆದರೆ ಡಾಕ್ಟರಿಗೆ ಹೇಳಲೇಬೇಕು. ಇಲ್ಲದ್ದು ಕಾಣುವುದು ಮೆದುಳಿನ ಹಿಂಭಾಗದ ತೊಂದರೆಯ ಗುರುತೂ ಆಗಿರಬಹುದು, ಮಾತ್ರೆಯಿಂದಲೂ ಇರಬಹುದು, ಮೂತ್ರದ ಸೋಂಕಿನಿಂದಲೂ ಇರಬಹುದು. ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಹೆಚ್ಚಾಗಿ, ಹಗಲು ರಾತ್ರಿ ಗೊತ್ತಾಗದೆ ಬಡಬಡಿಸಿದರೆ ಅದು ಪಾರ್ಕಿನ್ಸನ್ ತಾನಾಗಿಯೇ ಮುಂದುವರಿದದ್ದು ಅಂದುಕೊಳ್ಳಬೇಡಿ. ಸೋಂಕು, ನೀರಿನಂಶ ಕಡಿಮೆಯಾಗಿದ್ದು, ಸೋಡಿಯಂ ಇಳಿದಿದ್ದು ಇಂಥದ್ದೇನೋ ಇರುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲ ಮಾತೇ ‘ಇವರಿಗೆ ಪಾರ್ಕಿನ್ಸನ್ ಇದೆ, ಹ್ಯಾಲೋಪೆರಿಡಾಲ್ ಕೊಡಬೇಡಿ’ ಎಂದಿರಲಿ. ಗಲಾಟೆ ನಿಲ್ಲಿಸಲು ಕೊಡುವ ಆ ಚುಚ್ಚುಮದ್ದು ಡೋಪಮೈನ್ ತಡೆಯುತ್ತದೆ, ಇವರು ಮರಗಟ್ಟಿಬಿಡುತ್ತಾರೆ.

30ಕ್ಕೆ 27 ಬಂದದ್ದರ ಬಗ್ಗೆ. ಅದು ಬಹುಶಃ ಎಂಎಂಎಸ್‌ಇ. ಇವತ್ತು ಯಾವ ವಾರ, ಯಾವ ಊರು, 100ರಿಂದ ಏಳೇಳು ಕಳೆಯಿರಿ, ಈ ಥರ. ಗಣಿತ ಮೇಷ್ಟ್ರಿಗೆ ಕಳೆಯುವ ಲೆಕ್ಕ ಯಾವ ಲೆಕ್ಕ! ಯೋಜನೆ, ಬದಲಾವಣೆ, ವೇಗ ಇವನ್ನು ಆ ಪರೀಕ್ಷೆ ಹೆಚ್ಚು ಮುಟ್ಟುವುದೇ ಇಲ್ಲ. ಮೋಕಾ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ, ಅದರಲ್ಲಿ ಗಡಿಯಾರ ಬರೆಯುವುದು, ಪದ ಹೇಳುವುದು ಎಲ್ಲ ಬರುತ್ತದೆ. ಇನ್ನೂ ವಿವರವಾಗಿ ಬೇಕಾದರೆ ನರಮನೋವಿಜ್ಞಾನದ ಪೂರ್ತಿ ಪರೀಕ್ಷೆ ಮಾಡಿಸಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ನಮ್ಮ ಜನಕ್ಕೇ ಹೊಂದಿಸಿದ ಪರೀಕ್ಷೆಗಳ ಗುಚ್ಛ ಇದೆ. ಕನ್ನಡಕ, ಕಿವಿಯ ಮಷೀನು ಹಾಕಿಸಿ, ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಮಾಡಿಸಿ. ಮಾತ್ರೆ ಇಳಿದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ನೋಡಿ ತೀರ್ಮಾನ ಮಾಡುವುದು ಅನ್ಯಾಯ.

ಹಾಗಾದರೆ ಡಿಮೆನ್ಷಿಯಾನಾ? ನೀವು ಬರೆದಿದ್ದರಿಂದಷ್ಟೇ ನಾನು ಹೌದು ಅನ್ನಲಾರೆ, ಇಲ್ಲ ಅಂತ ಸಮಾಧಾನವನ್ನೂ ಹೇಳಲಾರೆ. ಡಿಮೆನ್ಷಿಯಾ ಅನ್ನಬೇಕಾದರೆ ಯೋಚನೆಯ ಒಂದಕ್ಕಿಂತ ಹೆಚ್ಚು ಭಾಗಗಳು ಕುಸಿದಿರಬೇಕು, ಅದರಿಂದಾಗಿ ದಿನದ ಬದುಕು ನಡೆಯದಂತಾಗಿರಬೇಕು. ಶರ್ಟಿನ ಗುಂಡಿ ಹಾಕಲು ಬೆರಳು ಆಡುವುದಿಲ್ಲ ಅಂದರೆ ಅದು ಕಾಯಿಲೆಯ ಚಲನೆಯ ಭಾಗ. ಶರ್ಟನ್ನು ಯಾವ ಕಡೆಯಿಂದ ಹಾಕಬೇಕು ಎಂದು ತಿಳಿಯುತ್ತಿಲ್ಲ ಅಂದರೆ ಬೇರೆ. ನಿಮ್ಮ ತಂದೆಯ ವಯಸ್ಸು, ನಡಿಗೆ, ಸಂಜೆ ಕಂಡ ಮಗು, ಈ ಮೂರು ನನ್ನನ್ನು ಎಚ್ಚರಿಸುತ್ತವೆ. ಎರಡು ಮಾತ್ರೆ, ಒಂದು ಪುಡಿ, ಇವು ಆಶೆ ಕೊಡುತ್ತವೆ. ಅವನ್ನು ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ರಿವಾಸ್ಟಿಗ್ಮಿನ್ ಎಂಬ ಔಷಧ ಇದೆ, ಅಸಿಟೈಲ್‌ಕೋಲಿನ್ ಉಳಿಸಿಕೊಡುತ್ತದೆ. ಗುಣ ಮಾಡುವುದಿಲ್ಲ, ಕೆಲವರಿಗೆ ಗಮನ ಚುರುಕಾಗುತ್ತದೆ, ಇಲ್ಲದ್ದು ಕಾಣುವುದು ಕಡಿಮೆಯಾಗುತ್ತದೆ. ಹೊಟ್ಟೆ ತೊಳಸಿದರೆ ಚರ್ಮಕ್ಕೆ ಅಂಟಿಸುವ ಪಟ್ಟಿ ಸಿಗುತ್ತದೆ. ಅದನ್ನು ಪ್ಯಾಸಿಟೇನ್ ಜೊತೆ ಕೊಡುವುದರಲ್ಲಿ ಅರ್ಥವಿಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಆ ಪುಡಿ ಡಬ್ಬಿ ಸಮೇತ, ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ಕೂತಾಗ ಮತ್ತು ಎದ್ದು ನಿಂತು ಮೂರು ನಿಮಿಷಕ್ಕೆ ಬಿಪಿ ನೋಡಲು ಕೇಳಿ. ಬಿ12, ಥೈರಾಯ್ಡ್, ಮೂತ್ರದ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಾದರೆ ಬಿ12 ಬಿಡಲೇಬೇಡಿ. ನಿದ್ದೆಯಲ್ಲಿ ಕೂಗುತ್ತಾ ಕೈಕಾಲು ಬೀಸುತ್ತಾರಾ, ಮನಸ್ಸು ಕುಗ್ಗಿದೆಯಾ ಎಂದು ಅಮ್ಮನನ್ನು ಕೇಳಿ ಬರೆದುಕೊಳ್ಳಿ. ಲೆಕ್ಕದ ಪುಸ್ತಕದ ಎರಡು ವರ್ಷದ ಹಿಂದಿನ ಒಂದು ಪುಟ ಮತ್ತು ಹೋದ ತಿಂಗಳ ಒಂದು ಪುಟ, ಎರಡನ್ನೂ ಜೊತೆಗಿಟ್ಟುಕೊಳ್ಳಿ. ಅಕ್ಷರ ಸಣ್ಣದಾಗಿದ್ದರೆ, ಗೆರೆ ನಡುಗಿದ್ದರೆ ಅದು ಕೈಯದು. ಮೊತ್ತ ಯಾವ ಸಾಲಿನಲ್ಲಿ ಬಿಟ್ಟುಹೋಗಿದೆ ಅನ್ನುವುದನ್ನು ಡಾಕ್ಟರಿಗೆ ಬೆರಳಿಟ್ಟು ತೋರಿಸಿ.